‘1984’ ಓದಿದ ಮೇಲೆ ನಮ್ಮ ಏಳು ಜನರಲ್ಲಿ ಒಮ್ಮತ ಬರಲಿಲ್ಲ. ನೀವು ಹೇಗೆ ಓದಿದಿರಿ?

ಕಾಫಿಕಾಳು, ಹಾಸನ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಿ ಉತ್ತರಿಸಿ.

ಹಾಸನದಲ್ಲಿ ನಾವು ಏಳು ಜನ ಪ್ರತಿ ತಿಂಗಳ ಎರಡನೆಯ ಭಾನುವಾರ ಮಹಾರಾಜ ಪಾರ್ಕಿನಲ್ಲಿ ಸೇರಿ ಒಂದು ಪುಸ್ತಕದ ಬಗ್ಗೆ ಮಾತನಾಡುತ್ತೇವೆ. ನಿವೃತ್ತ ಮೇಷ್ಟ್ರೊಬ್ಬರು, ಔಷಧಿ ಅಂಗಡಿಯವರೊಬ್ಬರು, ಕಾನೂನು ಓದುತ್ತಿರುವ ಹುಡುಗನೊಬ್ಬ, ಹೀಗೆ. ನಾನು ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಳು ಆರಿಸುವ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಈ ಸಲ ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿ ತೆಗೆದುಕೊಂಡಿದ್ದೆವು. ಪ್ರತಿಯೊಬ್ಬರ ಮೇಲೂ ಸದಾ ಕಣ್ಣಿಟ್ಟಿರುವ ಸರ್ಕಾರವೊಂದರ ಅಡಿಯಲ್ಲಿ ಬದುಕುವ ವಿನ್ಸ್ಟನ್ ಎನ್ನುವವನ ಕಥೆ ಅದು. ಇಂಗ್ಲಿಷಿನಲ್ಲೇ ಓದಿದೆವು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿ ಮುಗಿಸಲು ನನಗೆ ಎರಡು ತಿಂಗಳು ಹಿಡಿಯಿತು.

ಓದುತ್ತಿದ್ದ ಅಷ್ಟು ದಿನವೂ ಆ ಪುಸ್ತಕ ನನ್ನ ಬೆನ್ನು ಬಿಡಲಿಲ್ಲ. ಕೆಲಸ ಮುಗಿಸಿ ಬಸ್ಸಿನಲ್ಲಿ ಕುಳಿತರೆ ಅದೇ ಯೋಚನೆ. ಎಲ್ಲರಿಗೂ ಹೀಗೇ ಆಗಿರುತ್ತದೆ ಎಂದುಕೊಂಡು ಚರ್ಚೆಗೆ ಹೋದರೆ ಏಳರಲ್ಲಿ ನಾಲ್ವರಿಗೆ ಅದು ಹಿಡಿಸಿರಲೇ ಇಲ್ಲ. ಔಷಧಿ ಅಂಗಡಿಯವರಿಗೆ ಮಧ್ಯಭಾಗದಲ್ಲಿ ಬೇಸರ ಬಂದಿತ್ತು. ಆ ಸರ್ಕಾರದ ಶತ್ರು ಎನಿಸಿಕೊಂಡ ಗೋಲ್ಡ್‌ಸ್ಟೀನ್ ಬರೆದದ್ದೆನ್ನುವ ನಿಷೇಧಿತ ಪುಸ್ತಕದ ಪುಟಗಳನ್ನು ವಿನ್ಸ್ಟನ್ ಓದುತ್ತಾ ಹೋಗುತ್ತಾನಲ್ಲ, ಅಲ್ಲಿ ಕಥೆ ನಿಂತೇ ಹೋಯಿತು, ಕೇಳುತ್ತಿದ್ದ ಅವನ ಪ್ರೇಯಸಿ ಜೂಲಿಯಾಳೇ ನಿದ್ದೆ ಹೋದಳು ಎಂದರು. ಕಾನೂನಿನ ಹುಡುಗ, ಈ ಪುಸ್ತಕದ ಕಾಲ ಮುಗಿಯಿತು ಎಂದ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದೆ, ಅರ್ಜಿ ಹಾಕಿದವರೂ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೇ, ಈಗ ಕೇಳುವುದಕ್ಕೆ ಜಾಗವಿದೆ ಎನ್ನುವುದು ಅವನ ವಾದ. ಮೇಷ್ಟ್ರ ತಕರಾರು ಇನ್ನೊಂದು ಬಗೆಯದು. ಗೋಡೆಗೋಡೆಯ ಮೇಲೆ ಆಳುವ ನಾಯಕ ‘ದೊಡ್ಡಣ್ಣ’ನ (ಬಿಗ್ ಬ್ರದರ್) ಚಿತ್ರವಿದ್ದರೆ ನಮಗೆ ಹೆದರಿಕೆ ಹೇಗೆ ಬರಬೇಕು, ಕನ್ನಡದಲ್ಲಿ ಅಣ್ಣ ಎಂದರೆ ಗೌರಿ ಹಬ್ಬಕ್ಕೆ ಬಾಗಿನ ಹೊತ್ತು ಬರುವವನು ಎಂದರು. ಆರ್ವೆಲ್ ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ ಎನ್ನುವುದೊಂದೇ ಅವರಿಗೆ ಖುಷಿ ಕೊಟ್ಟ ಸಂಗತಿ.

ನನಗೆ ಅದು ಏಕೆ ಅಷ್ಟು ತಟ್ಟಿತು ಎಂದು ಅಲ್ಲಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಕಾಳು ಆರಿಸುವ ಕೆಲಸದ ಬಹುಪಾಲನ್ನು ಈಗ ಕಲರ್ ಸಾರ್ಟರ್ ಯಂತ್ರವೇ ಮಾಡುತ್ತದೆ. ಬೀಳುವ ಪ್ರತಿ ಕಾಳನ್ನೂ ಅದರೊಳಗಿನ ಕ್ಯಾಮೆರಾ ನೋಡುತ್ತದೆ. ಕಪ್ಪು ಕಾಳು ಕಂಡ ಕೂಡಲೇ ಫಟ್ಟೆಂದು ಗಾಳಿ ಊದಿ ಅದನ್ನು ಆಚೆ ಹಾರಿಸುತ್ತದೆ. ಯಂತ್ರದ ಕಣ್ಣು ತಪ್ಪಿಸಿಕೊಂಡು ಬಂದದ್ದನ್ನು ಕೈಯಲ್ಲಿ ಆರಿಸಲು ನಮ್ಮಲ್ಲಿ ಹನ್ನೊಂದು ಹೆಂಗಸರಿದ್ದಾರೆ. ಹೋದ ವರ್ಷ ಗೋದಾಮಿನಿಂದ ಕೆಲವು ಮೂಟೆ ಕಾಫಿ ಕಾಣೆಯಾಯಿತು. ಕಾಫಿಗೆ ಬೆಲೆ ಏರಿದ್ದ ಸಮಯ, ಮಾಲೀಕರ ಆತಂಕ ನನಗೆ ಅರ್ಥವಾಗುತ್ತದೆ. ಗೋದಾಮಿನ ಬಾಗಿಲಿಗೆ ಒಂದು, ತೂಕದ ಕಟ್ಟೆಗೆ ಒಂದು ಕ್ಯಾಮೆರಾ ಬಂದವು. ಮೂರನೆಯದನ್ನು ನಮ್ಮ ಮೇಜುಗಳ ನೆತ್ತಿಯ ಮೇಲೆ ಕೂರಿಸಿದರು. ಅಲ್ಲಿ ಮೂಟೆ ಇರುವುದಿಲ್ಲ, ಕೈಗಳಿರುತ್ತವೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯರೊಬ್ಬರಿದ್ದಾರೆ. ಹೆಸರು ಬರೆಯುವುದಿಲ್ಲ, ನಾವೆಲ್ಲ ಅಕ್ಕ ಎನ್ನುತ್ತೇವೆ. ಅವರ ಬಲಗಾಲು ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತದೆ, ಮೀನಖಂಡದಲ್ಲಿ ನರಗಳು ನೀಲಿಯಾಗಿ ಹುರಿಗಟ್ಟಿ ನಿಂತಿವೆ. ಎಷ್ಟೋ ವರ್ಷಗಳಿಂದ ಮೇಜಿನ ಕೆಳಗೆ ಒಂದು ಹಳೆಯ ಬಿದಿರು ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಗೋಣಿಚೀಲ ಮಡಿಸಿಟ್ಟು, ಕಾಲು ಚಾಚಿ ಕೆಲಸ ಮಾಡುತ್ತಿದ್ದರು. ಕ್ಯಾಮೆರಾ ಬಂದ ಮಾರನೆಯ ಬೆಳಿಗ್ಗೆ ಬುಟ್ಟಿ ಗೋಡೆಯ ಪಕ್ಕ ಹೋಗಿತ್ತು. ತೆಗೆಯಿರಿ ಎಂದು ಯಾರೂ ಹೇಳಿರಲಿಲ್ಲ. ನೋಟಿಸೂ ಇರಲಿಲ್ಲ. ಏಕೆ ಎಂದು ಕೇಳಿದೆ. ‘ಮೇಲಿನಿಂದ ನೋಡಿದರೆ ಕಾಲು ಚಾಚಿ ಕುಳಿತ ಹಾಗೆ ಕಾಣುತ್ತದಲ್ಲಮ್ಮ’ ಎಂದರು.

ಆ ವಾರವೇ ನಾನು ಕಾದಂಬರಿಯ ಮೊದಲ ಭಾಗದಲ್ಲಿ ಬೆಳಗಿನ ವ್ಯಾಯಾಮದ ಪುಟಗಳಿಗೆ ಬಂದಿದ್ದೆ. ಮನೆಯೊಳಗಿನವರನ್ನು ನೋಡುತ್ತಾ, ಕೇಳುತ್ತಾ, ಅವರೊಡನೆ ಮಾತನಾಡುವ ಪರದೆಯಾದ ಟೆಲಿಸ್ಕ್ರೀನಿನಿಂದ ಹೆಂಗಸೊಬ್ಬಳು ವಿನ್ಸ್ಟನ್‌ನ ಸಂಖ್ಯೆ ಹಿಡಿದು ಕೂಗಿ, ನೀನು ಪ್ರಯತ್ನ ಮಾಡುತ್ತಿಲ್ಲ, ಇನ್ನೂ ಬಗ್ಗು ಎಂದು ಗದರುತ್ತಾಳೆ. ಅವನಿಗೆ 39 ವರ್ಷ, ಬೆಳಗಿನ ಕೆಮ್ಮು, ಬಲಗಾಲಿನ ಹರಡಿನ ಮೇಲೊಂದು ಹುಣ್ಣು. ಊಟದ ಹೊತ್ತಿನಲ್ಲಿ ಇಷ್ಟನ್ನು ಕನ್ನಡದಲ್ಲಿ ಹೇಳಿದೆ. ಎಲ್ಲರೂ ಕೈ ನಿಲ್ಲಿಸಿ ಕೇಳಿದರು. ಅಕ್ಕ ಒಂದೇ ಪ್ರಶ್ನೆ ಕೇಳಿದರು: ‘ಆ ಹುಣ್ಣಿಗೆ ಯಾರೂ ಮದ್ದು ಹಾಕಲಿಲ್ಲವೇ? ಕೊನೆಗೆ ಅದು ಏನಾಯಿತು?’

ನನಗೆ ಗೊತ್ತಿರಲಿಲ್ಲ. ಪುಸ್ತಕ ಮುಗಿಸಿದ ಮೇಲೂ ಹೇಳಲಾಗಲಿಲ್ಲ, ಕೊನೆಯ ಭಾಗದ ಹಿಂಸೆಯ ಪುಟಗಳನ್ನು ಕಣ್ಣು ಓಡಿಸಿ ದಾಟಿಬಿಟ್ಟಿದ್ದೆ.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ನಿಮಗೆ ಈ ಕಾದಂಬರಿ ಹೇಗೆ ಅನ್ನಿಸಿತು? ಒಂದು ಕಾರ್ಖಾನೆಯ ಕ್ಯಾಮೆರಾಕ್ಕೆ ಇದನ್ನು ಹೋಲಿಸುವುದು ಅತಿಯಾಯಿತೇ? ಆ ಹುಣ್ಣಿನ ಕಥೆ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಅಕ್ಕ ಮರೆತಿಲ್ಲ, ಇನ್ನೂ ಕೇಳುತ್ತಾರೆ.

ಯಗಚಿ ದಂಡೆ, ಬೇಲೂರು

ನನ್ನ ಊರು ಬೇಲೂರು, ಕೆಲಸ ಬೆಂಗಳೂರಿನಲ್ಲಿ. ನನಗೂ ಈ ಪುಸ್ತಕ ಹಿಡಿಸಲಿಲ್ಲ. ಗೋಲ್ಡ್‌ಸ್ಟೀನ್ ಪುಟಗಳು ನನಗೆ ಬೇಸರ ತರಲಿಲ್ಲ, ಮೂರು ದೊಡ್ಡ ರಾಜ್ಯಗಳು ಗೆಲ್ಲುವ ಉದ್ದೇಶವಿಲ್ಲದೆ ಯುದ್ಧ ಏಕೆ ನಡೆಸುತ್ತಿವೆ ಎನ್ನುವ ಭಾಗ ಚೆನ್ನಾಗಿದೆ. ನನ್ನ ಸಿಟ್ಟು ವಿನ್ಸ್ಟನ್ ಮೇಲೆ.

ಅವನು ಒಂದು ದಿನ ಬಡವರ ಕೇರಿಯ ಹೆಂಡದಂಗಡಿಗೆ ಹೋಗಿ ಒಬ್ಬ ಮುದುಕನನ್ನು ಮಾತನಾಡಿಸುತ್ತಾನೆ, ನೆನಪಿದೆಯೇ? ಕ್ರಾಂತಿಗೆ ಮೊದಲು ಬದುಕು ಚೆನ್ನಾಗಿತ್ತೋ ಈಗ ಚೆನ್ನಾಗಿದೆಯೋ ಎಂದು ಕೇಳುತ್ತಾನೆ. ಮುದುಕ ಬಿಯರ್ ಅಳತೆಯ ಮಾತನ್ನೇ ಆಡುತ್ತಾನೆ. ಮೊದಲು ಪಿಂಟ್ ಇತ್ತು, ಈಗ ಲೀಟರ್ ಬಂದಿದೆ, ಅರ್ಧ ಲೀಟರ್ ಸಾಲುವುದಿಲ್ಲ, ಒಂದು ಲೀಟರ್ ಹೆಚ್ಚಾಗುತ್ತದೆ. ಇವನಿಂದ ಏನೂ ಪ್ರಯೋಜನವಿಲ್ಲ ಎಂದುಕೊಂಡು ವಿನ್ಸ್ಟನ್ ಎದ್ದು ಹೋಗುತ್ತಾನೆ.

ನನ್ನ ಅಜ್ಜಿ ಇವತ್ತಿಗೂ ಅಕ್ಕಿಯನ್ನು ಸೇರು, ಪಾವಿನ ಲೆಕ್ಕದಲ್ಲಿಯೇ ಹೇಳುತ್ತಾರೆ. 1956ರಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂತು, ಆಮೇಲಿನ ಕೆಲವು ವರ್ಷಗಳಲ್ಲಿ ಸಂತೆಗೆ ಕಿಲೋ ಕಾಲಿಟ್ಟಿತು. ಅಜ್ಜಿ ಹೇಳುವ ಪ್ರಕಾರ, ಸೇರಿನಲ್ಲಿ ಅಳೆಯುವಾಗ ಮೇಲೆ ಗೋಪುರ ಏಳುವಷ್ಟು ಸುರಿದು ಕೊಡುತ್ತಿದ್ದರು, ತಕ್ಕಡಿ ಬಂದ ಮೇಲೆ ಮುಳ್ಳು ನಿಂತ ಕಡೆಗೆ ಕೈಯೂ ನಿಂತುಬಿಟ್ಟಿತು. ಆ ಗೋಪುರದ ಅಕ್ಕಿ ಎಲ್ಲಿ ಹೋಯಿತು ಎಂದು ಅವರು ಈಗಲೂ ಕೇಳುತ್ತಾರೆ. ಇತಿಹಾಸ ಎಂದರೆ ಇದೇ ಅಲ್ಲವೇ? ಆ ಮುದುಕ ವಿನ್ಸ್ಟನ್‌ಗೆ ಬೇಕಾದದ್ದನ್ನೇ ಹೇಳುತ್ತಿದ್ದ. ಅಳತೆಯನ್ನು ಬದಲಾಯಿಸಿದರು, ನನ್ನ ಲೋಟ ನನ್ನ ದಾಹಕ್ಕೆ ಹೊಂದುತ್ತಿಲ್ಲ ಎಂದ. ಕೇಳುವವನಿಗೆ ಕಿವಿ ಇರಲಿಲ್ಲ. ಜನಸಂಖ್ಯೆಯಲ್ಲಿ ನೂರಕ್ಕೆ 85 ಭಾಗ ಇರುವ ಈ ಬಡವರಲ್ಲಿ ಒಬ್ಬರಿಗೂ ಕಾದಂಬರಿ ಒಂದು ಹೆಸರು ಕೊಟ್ಟು ಕೂರಿಸಿ ಮಾತನಾಡಿಸುವುದಿಲ್ಲ. ಬಟ್ಟೆ ಒಣಗಿಸುತ್ತಾ ಹಾಡುವ ಹೆಂಗಸನ್ನು ಮೇಲಿನ ಕಿಟಕಿಯಿಂದ ನೋಡಿ ಇವರಲ್ಲೇ ಭರವಸೆ ಇದೆ ಎಂದುಕೊಳ್ಳುತ್ತಾನೆ, ಕೆಳಗಿಳಿದು ಒಂದು ಮಾತು ಕೇಳುವುದಿಲ್ಲ. ಜೂಲಿಯಾಳ ವಿಷಯವೂ ಹಾಗೆಯೇ. ಅವಳ ತಲೆಯೊಳಗೆ ಏನಿದೆ ಎಂದು ಅವನಿಗೂ ಬೇಡ, ಲೇಖಕನಿಗೂ ಬೇಡ.

ಜನರನ್ನು ಸುಖ ಕೊಟ್ಟು ಪಳಗಿಸುವ ಲೋಕವನ್ನು ಆಲ್ಡಸ್ ಹಕ್ಸ್ಲಿ 1932ರಲ್ಲೇ ಬರೆದರು. ನನ್ನ ಕೈಯಲ್ಲಿರುವ ಮೊಬೈಲಿಗೆ ಅದು ಹೆಚ್ಚು ಹತ್ತಿರ ಎಂದು ನನ್ನ ಅಭಿಪ್ರಾಯ. ನನ್ನನ್ನು ಯಾರೂ ಗದರುತ್ತಿಲ್ಲ, ನಾನೇ ಎಲ್ಲವನ್ನೂ ಕೊಡುತ್ತಿದ್ದೇನೆ.

ಆದರೆ ನಿಮ್ಮ ಅಕ್ಕ ಕೇಳಿದ ಪ್ರಶ್ನೆ ವಿನ್ಸ್ಟನ್ ಕೇಳಿದ ಎಲ್ಲ ಪ್ರಶ್ನೆಗಳಿಗಿಂತ ದೊಡ್ಡದು. ಅವರಿಗೆ ಉತ್ತರ ಸಿಗಲೇಬೇಕು.

ನಿವೃತ್ತ ತಂತಿ ಗುಮಾಸ್ತ, ಚಿಕ್ಕಮಗಳೂರು

ನನಗೆ ಎಪ್ಪತ್ತು ದಾಟಿದೆ. ಈ ಕಾದಂಬರಿಯನ್ನು 1984ರ ಮಳೆಗಾಲದಲ್ಲಿ, ಆ ವರ್ಷ ಬಂತಲ್ಲ ಎನ್ನುವ ಕುತೂಹಲಕ್ಕೆ ಓದಿದೆ. ಆಮೇಲೆ ಎರಡು ಸಲ ಓದಿದ್ದೇನೆ. ಎಲ್ಲರೂ ಕ್ಯಾಮೆರಾದ ಮಾತನ್ನೇ ಆಡುತ್ತೀರಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ವಿನ್ಸ್ಟನ್ ಮಾಡುವ ಕೆಲಸ. ಹಳೆಯ ಪತ್ರಿಕೆಯ ಸುದ್ದಿಯನ್ನು ಈಗಿನ ಮಾತಿಗೆ ಹೊಂದುವಂತೆ ತಿದ್ದಿ ಬರೆಯುವುದು, ಮೂಲ ಕಾಗದವನ್ನು ಗೋಡೆಯ ಕಿಂಡಿಗೆ ಹಾಕಿ ಸುಡುವುದು. ಅದನ್ನು ಓದಿದಾಗ ನನ್ನ ಮೇಜೇ ಕಣ್ಣೆದುರು ಬಂತು.

ನಾನು 1977ರಲ್ಲಿ ತಂತಿ ಕಚೇರಿಯ ಕೆಲಸಕ್ಕೆ ಸೇರಿದೆ. ಮಾರನೆಯ ವರ್ಷ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರಿನಿಂದ ಲೋಕಸಭೆಯ ಉಪಚುನಾವಣೆಗೆ ನಿಂತರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. ತುರ್ತುಪರಿಸ್ಥಿತಿ ಮುಗಿದು ಇನ್ನೂ ಎರಡು ವರ್ಷ ಆಗಿರಲಿಲ್ಲ. ದೇಶ ವಿದೇಶದ ಪತ್ರಕರ್ತರು ಊರು ತುಂಬಿಕೊಂಡಿದ್ದರು. ಸಂಜೆ ಆರಕ್ಕೆ ಕೌಂಟರಿನ ಮುಂದೆ ಸಾಲು ನಿಂತರೆ ರಾತ್ರಿ ಹನ್ನೊಂದಾದರೂ ಕರಗುತ್ತಿರಲಿಲ್ಲ. ಪದಪದ ಎಣಿಸಿ, ದರ ಹಾಕಿ, ಒಳಗೆ ಕೊಡುವುದು ನನ್ನ ಕೆಲಸ. ಎಣಿಸಬೇಕಾದರೆ ಓದಲೇಬೇಕು. ಒಂದು ಸಂಜೆ ಒಂದೇ ಸಭೆಯ ಬಗ್ಗೆ ಎರಡು ತಂತಿ ಒಂದರ ಹಿಂದೆ ಒಂದು ಬಂದವು. ಒಂದರಲ್ಲಿ ಜನಸಾಗರ. ಇನ್ನೊಂದರಲ್ಲಿ ಮೈದಾನ ಅರ್ಧ ಖಾಲಿ. ನಾನು ಎರಡನ್ನೂ ಒಂದೇ ಮೊಹರು ಒತ್ತಿ ಕಳಿಸಿದೆ.

ಓದಿದ್ದನ್ನು ಹೊರಗೆ ಬಿಡುವುದು ನಮಗೆ ಅಪರಾಧವಾಗಿತ್ತು, 1885ರ ಟೆಲಿಗ್ರಾಫ್ ಕಾಯ್ದೆ ಹಾಗೆ ಹೇಳುತ್ತಿತ್ತು. ಅದೇ ಕಾಯ್ದೆಯ 5ನೆಯ ಕಲಮು ಸಂದೇಶವನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ಗುಮಾಸ್ತ ಬಾಯಿ ಮುಚ್ಚಬೇಕು, ಸರ್ಕಾರ ಕಣ್ಣು ತೆರೆದಿರಬಹುದು. ಈ ಎರಡೂ ಮಾತು ಒಂದೇ ಪುಸ್ತಕದಲ್ಲಿರುವುದನ್ನು ನಾನು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಓದಿದವನು. ಅವಧಿ ಮುಗಿದ ಮೇಲೆ ಹಳೆಯ ಫಾರಂಗಳನ್ನು ನಾಶ ಮಾಡುತ್ತಿದ್ದೆವು. ಆ ಎರಡು ಫಾರಂಗಳೂ ಹಾಗೆಯೇ ಹೋಗಿರಬೇಕು.

ಇಂದಿರಾ ಅವರು 70,000ಕ್ಕೂ ಹೆಚ್ಚು ಮತಗಳಿಂದ ಗೆದ್ದರು. ನಮ್ಮ ತಂದೆ ಗೇಣಿದಾರರಾಗಿದ್ದವರು, ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ಎರಡು ಎಕರೆ ಗದ್ದೆ ಅವರ ಹೆಸರಿಗೆ ಬಂದಿತ್ತು. ಅವರು ಯಾರಿಗೆ ಮತ ಹಾಕಿದರು ಎಂದು ಹೇಳಬೇಕಾಗಿಲ್ಲ. ನನ್ನ ಚಿಕ್ಕಪ್ಪನ ಗೆಳೆಯರೊಬ್ಬರು ತುರ್ತುಪರಿಸ್ಥಿತಿಯಲ್ಲಿ ಜೈಲಿನಲ್ಲಿದ್ದು ಬಂದವರು, ಅವರು ಆ ಫಲಿತಾಂಶದ ದಿನ ಊಟ ಮಾಡಲಿಲ್ಲ. ಇಬ್ಬರೂ ನಮ್ಮ ಜಗಲಿಯ ಮೇಲೆ ಕುಳಿತು ಜಗಳವಾಡಿದ್ದನ್ನು ನಾನು ನೋಡಿದ್ದೇನೆ. ಈಗ ಇದೇ ಊರಿನಲ್ಲಿ ಆ ಚುನಾವಣೆಯ ಕಥೆ ಹೇಳುವವರು ಒಬ್ಬೊಬ್ಬರೂ ಒಂದೊಂದನ್ನು ಬಿಟ್ಟು ಹೇಳುತ್ತಾರೆ. ಒಬ್ಬರ ಕಥೆಯಲ್ಲಿ ಗದ್ದೆ ಇರುವುದಿಲ್ಲ, ಇನ್ನೊಬ್ಬರ ಕಥೆಯಲ್ಲಿ ಜೈಲು ಇರುವುದಿಲ್ಲ. ನನಗೆ ಸಂಕಟವಾಗುತ್ತದೆ. ಎರಡೂ ಇದ್ದವು, ನಾನು ಅಲ್ಲಿಯೇ ಇದ್ದೆ.

ಇನ್ನೊಂದು ಸಣ್ಣ ಸಂಗತಿ. ಆ ಕಾದಂಬರಿಯ ಜನ ಪತ್ರ ಬರೆಯುವುದನ್ನೇ ಬಿಟ್ಟಿದ್ದಾರೆ. ಅಚ್ಚಾದ ವಾಕ್ಯಗಳಿರುವ ಕಾರ್ಡಿನಲ್ಲಿ ಬೇಡದ್ದನ್ನು ಹೊಡೆದುಹಾಕಿ ಕಳಿಸುತ್ತಾರೆ. ನಮ್ಮಲ್ಲೂ ಶುಭಾಶಯದ ತಂತಿಗೆ ಸಿದ್ಧ ವಾಕ್ಯಗಳಿದ್ದವು, ಮದುವೆಗೆ ಒಂದು ಸಂಖ್ಯೆ, ದೀಪಾವಳಿಗೆ ಒಂದು ಸಂಖ್ಯೆ. ಆದರೆ ಸಂಖ್ಯೆ ಬರೆಸಿದ ಮೇಲೂ ಜನ ಕೌಂಟರಿನ ಮುಂದೆ ನಿಂತು, ‘ಮಗಳಿಗೆ ಹುಷಾರಾಗಿರು ಎಂದು ಒಂದು ಮಾತು ಸೇರಿಸಲಾಗುತ್ತದೆಯೇ ಸ್ವಾಮಿ’ ಎಂದು ಕೇಳುತ್ತಿದ್ದರು. ಎರಡು ಪದಕ್ಕೆ ಹೆಚ್ಚಿನ ಹಣ ಕೊಡುತ್ತಿದ್ದರು. 2013ರ ಜುಲೈನಲ್ಲಿ ತಂತಿ ಸೇವೆ ನಿಂತ ದಿನ ನನಗೆ ನೆನಪಾದದ್ದು ಆ ಹೆಚ್ಚಿನ ಎರಡು ಪದಗಳು.

ನಿಮ್ಮ ಹೋಲಿಕೆ ಅತಿಯಲ್ಲ, ತಂಗಿ. ಆ ಬುಟ್ಟಿಯ ಸಂಗತಿಯನ್ನು ತಾರೀಕು ಹಾಕಿ ಒಂದು ಪುಸ್ತಕದಲ್ಲಿ ಬರೆದಿಡಿ.

ತೋಟದ ಮನೆ, ಸಕಲೇಶಪುರ

ಕಣ್ಗಾವಲು ಎಂದ ಕೂಡಲೇ ಈ ಕಾದಂಬರಿಯನ್ನು ಎಳೆದು ತರುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಭಾಗದ ಆನೆಗಳ ವಿಷಯ ನಿಮಗೆಲ್ಲ ಗೊತ್ತಿದೆ. ಗುಂಪಿನ ಹೆಣ್ಣಾನೆಗೆ ಅರಣ್ಯ ಇಲಾಖೆಯವರು ರೇಡಿಯೊ ಕಾಲರ್ ಹಾಕಿದ್ದಾರೆ. ಗುಂಪು ಯಾವ ತೋಟದ ಹತ್ತಿರವಿದೆ ಎಂದು ಬೆಳಿಗ್ಗೆ ಮೊಬೈಲಿಗೆ ಸಂದೇಶ ಬರುತ್ತದೆ. ಅದನ್ನು ನೋಡದೆ ನಾನು ಆಳುಗಳನ್ನು ಕೊಯ್ಲಿಗೆ ಇಳಿಸುವುದಿಲ್ಲ. ಮಂಜು ಕವಿದ ಬೆಳಿಗ್ಗೆ ರೊಬಸ್ಟಾ ಗಿಡಗಳ ನಡುವೆ ಆನೆ ನಿಂತರೆ ಹತ್ತು ಅಡಿ ದೂರಕ್ಕೂ ಕಾಣುವುದಿಲ್ಲ. ಸಂದೇಶ ಬರದ ಕಾಲದಲ್ಲಿ ನಮ್ಮ ಪಕ್ಕದ ತೋಟದಲ್ಲಿ ಒಂದು ಜೀವ ಹೋಗಿದೆ. ಹೆಣ ಎತ್ತುವುದಕ್ಕೆ ನಾನೂ ಕೈ ಹಚ್ಚಿದ್ದೇನೆ. ಆ ಕಾಲರ್ ನನ್ನ ಪಾಲಿಗೆ ದೇವರು.

ಆದರೆ ನಿಮ್ಮ ಮೂರನೆಯ ಕ್ಯಾಮೆರಾ ಬೇರೆ ಜಾತಿಯದು, ಅದನ್ನು ಒಪ್ಪುತ್ತೇನೆ. ಆನೆಯ ಸುದ್ದಿ ಆಳಿಗೂ ಬರುತ್ತದೆ, ನನಗೂ ಬರುತ್ತದೆ, ಇಬ್ಬರೂ ಓದಿ ಇಬ್ಬರೂ ಹುಷಾರಾಗುತ್ತೇವೆ. ನಿಮ್ಮ ಮೇಜಿನ ಮೇಲಿನದು ಏನನ್ನು ನೋಡಿತು ಎಂದು ಅಕ್ಕನಿಗೆ ಯಾರೂ ತೋರಿಸುವುದಿಲ್ಲ. ಕಾದಂಬರಿಯಲ್ಲೂ ಟೆಲಿಸ್ಕ್ರೀನ್ ಯಾವಾಗ ನೋಡುತ್ತಿದೆ, ಯಾವಾಗ ಇಲ್ಲ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಆ ಒಂದು ಮಾತು ಮಾತ್ರ ನನ್ನ ತಲೆಯಲ್ಲಿ ಉಳಿದಿದೆ. ಉಳಿದಂತೆ ಪುಸ್ತಕ ನನಗೆ ತೀರಾ ಕತ್ತಲೆ ಎನ್ನಿಸಿತು. ಒಂದು ಗಿಡ, ಒಂದು ಮಳೆ ನೆಮ್ಮದಿಯಾಗಿ ಬರುವುದಿಲ್ಲ. ಕಾಡಿನ ಬಯಲಿನಲ್ಲಿ ಹಕ್ಕಿ ಹಾಡುವ ಒಂದೆರಡು ಪುಟ ಬಿಟ್ಟರೆ ಉಸಿರಾಡಲು ಜಾಗವಿಲ್ಲ.

ಮಾಲೀಕರಿಗೆ ಬರೆದು ಕೇಳಿ. ಮೂಟೆ ಕಳುವಾದದ್ದು ಗೋದಾಮಿನಲ್ಲಿ ಎಂದ ಮೇಲೆ ಕ್ಯಾಮೆರಾ ಅತ್ತ ತಿರುಗಲಿ.

ಮೂಡಿಗೆರೆಯವಳು

ಅಣ್ಣ ಎಂದರೆ ಹೆದರಿಕೆ ಬರುವುದಿಲ್ಲ ಎಂದ ಮೇಷ್ಟ್ರಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಪದವಿಗೆ ಹಾಸ್ಟೆಲ್ ಸೇರಿದ ದಿನ ನನ್ನ ಮೊಬೈಲಿನಲ್ಲಿ ನಾನೆಲ್ಲಿದ್ದೇನೆ ಎಂದು ಸದಾ ತೋರಿಸುವ ವ್ಯವಸ್ಥೆಯನ್ನು ಹಾಕಿಕೊಟ್ಟವನು ನನ್ನ ಅಣ್ಣನೇ. ಪ್ರೀತಿಯಿಂದಲೇ ಹಾಕಿದ. ಮೂರು ವರ್ಷ ನಾನು ಗೆಳತಿಯ ಮನೆಗೆ ಹೋಗಬೇಕಾದರೆ ಮೊಬೈಲನ್ನು ಹಾಸ್ಟೆಲಿನ ದಿಂಬಿನ ಕೆಳಗೆ ಇಟ್ಟು ಹೋಗುತ್ತಿದ್ದೆ.

ವಿನ್ಸ್ಟನ್ ಟೆಲಿಸ್ಕ್ರೀನಿಗೆ ಕಾಣದ ಗೋಡೆಯ ಮೂಲೆಯಲ್ಲಿ ಕುಳಿತು ದಿನಚರಿ ಬರೆಯುತ್ತಾನೆ. ಆ ಮೂಲೆಯ ವರ್ಣನೆಯನ್ನು ನಾನು ನಾಲ್ಕು ಸಲ ಓದಿದೆ. ಕಣ್ಣಿಗೆ ಬೀಳದ ಮೂಲೆ ಎಲ್ಲಿದೆ ಎಂದು ಮೊದಲು ಲೆಕ್ಕ ಹಾಕುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ವಿನ್ಸ್ಟನ್‌ನ ನೆರೆಮನೆಯ ಪಾರ್ಸನ್ಸ್‌ನ ಏಳು ವರ್ಷದ ಮಗಳು ಅಪ್ಪ ನಿದ್ದೆಯಲ್ಲಿ ಆಡಿದ ಮಾತನ್ನು ಬಾಗಿಲ ಕಿಂಡಿಯಲ್ಲಿ ಕೇಳಿ ಹಿಡಿದುಕೊಡುತ್ತಾಳೆ, ಅವನು ಸೆರೆಯಲ್ಲಿ ಕುಳಿತು ಮಗಳ ಬಗ್ಗೆ ಹೆಮ್ಮೆ ಪಡುತ್ತಾನೆ. ಆ ಪುಟ ಓದಿ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಪುಸ್ತಕ ಬೇಸರ ಎನ್ನುವವರು ಯಾವ ಮನೆಯಲ್ಲಿ ಬೆಳೆದರೋ, ಅವರ ಅದೃಷ್ಟ ದೊಡ್ಡದು.

ರಾತ್ರಿ ಪಾಳಿ, ಹಾಸನ

ನಾನು ನರ್ಸ್. ಹುಣ್ಣಿನ ಕಥೆ ನನಗೆ ಗೊತ್ತಿದೆ, ನಮ್ಮ ಕಸುಬಿನವರ ಕಣ್ಣಿಗೆ ಬೇರೆಯದು ಬೀಳುವ ಮೊದಲು ಅದೇ ಬೀಳುತ್ತದೆ.

ಅದು ಉಬ್ಬಿದ ನರದಿಂದ ಆಗುವ ಹುಣ್ಣು. ಕಾಲಿನಿಂದ ಮೇಲಕ್ಕೆ ಹೋಗಬೇಕಾದ ರಕ್ತ ಸರಿಯಾಗಿ ಏರದೆ ಕೆಳಗೆ ನಿಂತಾಗ ಹರಡಿನ ಹತ್ತಿರ ಚರ್ಮ ಸೋತು ಒಡೆಯುತ್ತದೆ, ತಿಂಗಳುಗಟ್ಟಲೆ ಮಾಯುವುದಿಲ್ಲ. ಮೊದಲ ಭಾಗದಲ್ಲಿ ವಿನ್ಸ್ಟನ್ ಮೆಟ್ಟಿಲು ಹತ್ತುವಾಗ ಅದರಿಂದಾಗಿಯೇ ಮಧ್ಯೆ ಮಧ್ಯೆ ನಿಲ್ಲುತ್ತಾನೆ. ಎರಡನೆಯ ಭಾಗದಲ್ಲಿ, ಜೂಲಿಯಾಳ ಜೊತೆ ಅಂಗಡಿಯ ಮೇಲಿನ ಕೋಣೆಗೆ ಹೋಗಿಬರುವ ದಿನಗಳಲ್ಲಿ ಹುಣ್ಣು ಆರಿ ಕಂದು ಕಲೆ ಮಾತ್ರ ಉಳಿಯುತ್ತದೆ, ಬೆಳಗಿನ ಕೆಮ್ಮೂ ನಿಲ್ಲುತ್ತದೆ. ಯಾರೂ ಮದ್ದು ಹಾಕಿರುವುದಿಲ್ಲ. ಸೆರೆ ಸಿಕ್ಕ ಮೇಲೆ ಅದು ಮತ್ತೆ ಕೆರಳುತ್ತದೆ. ಹಿಂಸೆ ಕೊಡುವ ಅಧಿಕಾರಿ ಓಬ್ರಿಯನ್ ಅವನನ್ನು ಕನ್ನಡಿಯ ಮುಂದೆ ನಿಲ್ಲಿಸಿದಾಗ 25 ಕಿಲೋ ತೂಕ ಇಳಿದಿರುತ್ತದೆ, ಹುಣ್ಣಿನಿಂದ ಚರ್ಮ ಸುಲಿಯುತ್ತಿರುತ್ತದೆ. ಮುಂದಿನ ಅಧ್ಯಾಯದಲ್ಲಿ, ಅವನು ಅವರು ಹೇಳಿದ್ದನ್ನೆಲ್ಲ ಒಪ್ಪಿಕೊಂಡ ನಂತರ, ಹುಣ್ಣಿಗೆ ಮುಲಾಮು ಹಚ್ಚಿ ಕಟ್ಟು ಕಟ್ಟುತ್ತಾರೆ. ಉಳಿದಿದ್ದ ಹಲ್ಲು ಕಿತ್ತು ಕೃತಕ ಹಲ್ಲು ಹಾಕುತ್ತಾರೆ. ತೊಳೆದುಕೊಳ್ಳಲು ಬಿಸಿನೀರು ಕೊಡುತ್ತಾರೆ. ಮದ್ದು ಹಾಕಿದ್ದು ಅವನನ್ನು ಮುರಿದವರೇ. ಇಡೀ ಪುಸ್ತಕದಲ್ಲಿ ನನ್ನ ಕೈ ತಣ್ಣಗಾದದ್ದು ಆ ಸಾಲಿನಲ್ಲಿ. ಇಲಿಗಳನ್ನು ತೋರಿಸಿ ಅವನನ್ನು ಬೆದರಿಸುವ ಕೋಣೆಯೂ ನನ್ನನ್ನು ಅಷ್ಟು ಹೆದರಿಸಲಿಲ್ಲ.

ಆರ್ವೆಲ್ ಇದನ್ನು ಬರೆಯುವಾಗ ಅವರ ಶ್ವಾಸಕೋಶವನ್ನು ಕ್ಷಯ ತಿನ್ನುತ್ತಿತ್ತು. 1948ರಲ್ಲಿ ಸ್ಕಾಟ್ಲೆಂಡಿನ ಆಸ್ಪತ್ರೆಯಲ್ಲಿ ಆಗಿನ್ನೂ ಹೊಸದಾಗಿದ್ದ ಸ್ಟ್ರೆಪ್ಟೊಮೈಸಿನ್ ಕೊಟ್ಟರು, ಮೈಗೆ ಒಗ್ಗಲಿಲ್ಲ, ಚರ್ಮ ಸುಲಿದು ಬಾಯೆಲ್ಲ ಹುಣ್ಣಾಯಿತು. ಔಷಧಿ ನಿಲ್ಲಿಸಿ ಉಳಿದದ್ದನ್ನು ಬೇರೆ ರೋಗಿಗಳಿಗೆ ಕೊಟ್ಟರು. ಆಮೇಲೆ ಜೂರಾ ದ್ವೀಪಕ್ಕೆ ಹಿಂತಿರುಗಿ, ಹಾಸಿಗೆಯಲ್ಲಿ ಕುಳಿತೇ ಪುಸ್ತಕವನ್ನು ತಾವೇ ಟೈಪ್ ಮಾಡಿ ಮುಗಿಸಿದರು. 1949ರ ಜೂನ್‌ನಲ್ಲಿ ಪ್ರಕಟವಾಯಿತು, 1950ರ ಜನವರಿ 21ರಂದು ತೀರಿಕೊಂಡರು. 46 ವರ್ಷ. ಕನ್ನಡಿಯ ಮುಂದಿನ ಆ ದೇಹದ ವಿವರಗಳನ್ನು ಆರೋಗ್ಯವಂತರು ಊಹಿಸಿ ಬರೆಯಲಾಗುವುದಿಲ್ಲ. ಪುಸ್ತಕ ಕತ್ತಲೆ ಎಂದವರಿಗೆ ಇಷ್ಟನ್ನು ಹೇಳಬೇಕೆನ್ನಿಸಿತು.

ಇನ್ನು ನಿಮ್ಮ ಅಕ್ಕ. ಊದುವ ಕಾಲನ್ನು ಎತ್ತರಿಸಿ ಇಡುವುದು ಸೋಮಾರಿತನ ಅಲ್ಲ, ಚಿಕಿತ್ಸೆಯ ಭಾಗ. ನರ ಹುರಿಗಟ್ಟಿದೆ ಎಂದಿದ್ದೀರಿ. ಚರ್ಮ ಕಪ್ಪಾಗುತ್ತಿದೆಯೇ, ತುರಿಕೆ ಇದೆಯೇ ನೋಡಿ. ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬುಟ್ಟಿ ಇಟ್ಟುಕೊಳ್ಳಬೇಕು ಎಂದು ಅವರಿಂದ ಚೀಟಿ ಬರೆಸಿಕೊಂಡರೆ ಮಾಲೀಕರ ಮುಂದೆ ಇಡಲೂ ಆಗುತ್ತದೆ.

ಕಾಫಿಕಾಳು, ಹಾಸನ

ಎಲ್ಲರಿಗೂ ಋಣಿ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆಯಬೇಕಿತ್ತು, ಈ ವಾರ ಮಾಲು ಜಾಸ್ತಿ ಬಂದು ಬಿಡುವಾಗಲಿಲ್ಲ.

ಬೇಲೂರಿನವರ ಮಾತನ್ನು ಓದಿ ಆ ಮುದುಕನ ಪುಟಗಳಿಗೆ ಮತ್ತೆ ಹೋದೆ. ನೀವು ಹೇಳಿದ್ದು ನಿಜ. ನನಗೂ ಮೊದಲ ಓದಿನಲ್ಲಿ ಅವನು ಅರಳುಮರಳಿನವನಂತೆ ಕಂಡಿದ್ದ, ನಾನು ವಿನ್ಸ್ಟನ್‌ನ ಕಣ್ಣಿನಿಂದಲೇ ನೋಡಿದ್ದೆ. ಚಿಕ್ಕಮಗಳೂರಿನ ಹಿರಿಯರು ಹೇಳಿದಂತೆ ಒಂದು ನೋಟ್‌ಪುಸ್ತಕ ಕೊಂಡಿದ್ದೇನೆ. ಮೊದಲ ಪುಟದಲ್ಲಿ ಬುಟ್ಟಿಯ ಸಂಗತಿಯನ್ನು, ಅದು ಗೋಡೆಯ ಪಕ್ಕ ಹೋದ ತಾರೀಕನ್ನು ಬರೆದೆ. ಅಣ್ಣನ ವಿಷಯವನ್ನು ಮೂಡಿಗೆರೆಯವರ ಮಾತಿನಲ್ಲಿಯೇ ಮೇಷ್ಟ್ರಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. ತಮ್ಮ ಮಗಳನ್ನು ಕೇಳುತ್ತೇನೆ ಎಂದರು.

ನಿನ್ನೆ ಚಹಾದ ಹೊತ್ತಿನಲ್ಲಿ ಅಕ್ಕನಿಗೆ ಹುಣ್ಣಿನ ಕಥೆಯನ್ನು ಪೂರ್ತಿ ಹೇಳಿದೆ. ಪ್ರೀತಿ ಸಿಕ್ಕಾಗ ತಾನಾಗಿ ಆರಿದ್ದು, ಸೆರೆಯಲ್ಲಿ ಕೆರಳಿದ್ದು, ಕೊನೆಗೆ ಹೊಡೆದವರೇ ಮುಲಾಮು ಹಚ್ಚಿದ್ದು. ಅಕ್ಕ ಲೋಟ ಕೆಳಗಿಟ್ಟರು. ‘ಹಾಗಾದರೆ ಬಗ್ಗು ಬಗ್ಗು ಎಂದು ಕೂಗುತ್ತಿದ್ದಾಗಲೂ ಅವರಿಗೆ ಆ ಹುಣ್ಣು ಕಾಣುತ್ತಿತ್ತು’ ಎಂದರು. ನಾನು ಹೌದು ಎಂದೆ. ಆಮೇಲೆ, ‘ಅವನಿಗೆ ಮನೆಯಲ್ಲಿ ಯಾರಾದರೂ ಇದ್ದರೇ?’ ಎಂದು ಕೇಳಿದರು. ತಾಯಿ, ತಂಗಿ ಚಿಕ್ಕಂದಿನಲ್ಲೇ ಕಾಣೆಯಾದರು, ಹೆಂಡತಿ ಎಂದೋ ಬೇರೆ ಹೋಗಿದ್ದಳು ಎಂದೆ.

ಶನಿವಾರ ಅಕ್ಕನನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ, ಅವರ ಮಗನೂ ಬರುತ್ತಾನೆ. ಮೂರನೆಯ ಕ್ಯಾಮೆರಾವನ್ನು ಗೋದಾಮಿನ ಹಿಂಬಾಗಿಲಿಗೆ ತಿರುಗಿಸಬೇಕೆಂದು ಹನ್ನೊಂದು ಹೆಂಗಸರ ಸಹಿ ಹಾಕಿಸಿ ಅರ್ಜಿ ಕೊಟ್ಟಿದ್ದೇವೆ. ಬರವಣಿಗೆ ಕಾನೂನಿನ ಹುಡುಗನದು, ಒಂಬತ್ತು ನ್ಯಾಯಮೂರ್ತಿಗಳ ತೀರ್ಪನ್ನೂ ಒಂದು ಸಾಲಿನಲ್ಲಿ ಸೇರಿಸಿದ್ದಾನೆ. ಉತ್ತರ ಇನ್ನೂ ಬಂದಿಲ್ಲ.

ಇವತ್ತು ಬೆಳಿಗ್ಗೆ ಬೇಗ ಹೋಗಿ, ಬುಟ್ಟಿಯ ದೂಳು ಒರೆಸಿ, ಗೋಣಿಚೀಲ ಮಡಿಸಿ ಹಾಕಿ, ಅಕ್ಕನ ಮೇಜಿನ ಕೆಳಗೆ ನಾನೇ ಇಟ್ಟೆ. ಕ್ಯಾಮೆರಾದ ಕೆಳಗೇ ಇಟ್ಟೆ. ಅಕ್ಕ ಬಂದು ಅದನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳದೆ ಕುಳಿತು ಕಾಳಿಗೆ ಕೈ ಹಾಕಿದರು. ಕಾಲು ಚಾಚಿದರೋ ಇಲ್ಲವೋ ಎಂದು ನಾನು ಬಗ್ಗಿ ನೋಡಲಿಲ್ಲ.